ಲಕ್ವ ಹೊಡೆದ ತಾಯಿಗೆ ಕೇರ್ ಹೋಮ್: ಬೆಂಗಳೂರಲ್ಲಿ ನೋಡೋದಾ, ಕೋಲಾರದಲ್ಲೇ ನೋಡೋದಾ?

ಮುಳಬಾಗಿಲಿನಲ್ಲಿದ್ದ ತಾಯಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದೆ, ಮುಂದಿನ ವಾರ ಡಿಸ್ಚಾರ್ಜ್, ನೀವಿರೋದು ಬೆಂಗಳೂರು, ತಮ್ಮ ಇರೋದು ಕೋಲಾರ, ಎಲ್ಲಿ ಸೇರಿಸಲಿ ಅಂತ ಕೇಳಿದ್ದೀರಿ. ನಮ್ಮ ಅತ್ತೆಯವರದೂ ಇದೇ ಪರಿಸ್ಥಿತಿ ಇತ್ತು. ಬೆಂಗಳೂರು, ಕೋಲಾರ ಎರಡೂ ಕಡೆ ಸುತ್ತಾಡಿ ಕೊನೆಗೆ ಕೋಲಾರದಲ್ಲೇ ಸೇರಿಸಿದೆವು. ನಿಮಗೂ ಅದನ್ನೇ ಹೇಳುತ್ತೇನೆ. ಹೇಳದೆ ಕೇಳದೆ ವಾರಕ್ಕೆರಡು ಸಲ ಹೋಗಿ ಮಂಚದ ಪಕ್ಕ ನಿಲ್ಲೋದು ಯಾರ ಕೈಲಿ ಆಗುತ್ತೋ ಅವರ ಮನೆಗೆ ಹತ್ತಿರ ಇರಲಿ. ವಾರವಿಡೀ ದುಡಿದು ಭಾನುವಾರ 70 ಕಿ.ಮೀ. ಗಾಡಿ ಓಡಿಸೋದು ಮೊದಲ ತಿಂಗಳು ಆಗುತ್ತೆ, ಆಮೇಲೆ ಕಷ್ಟ. ಮನೆಯವರು ಯಾವಾಗ ಬೇಕಾದರೂ ಬಂದುಬಿಡುತ್ತಾರೆ ಅಂತ ಅಲ್ಲಿನವರಿಗೆ ಗೊತ್ತಿದ್ದರೆ ನೋಡಿಕೊಳ್ಳುವ ರೀತಿಯೇ ಬೇರೆ.

ಒಂದು ಮಾತು ಮೊದಲೇ ತಿಳಿದಿರಲಿ. ನಮ್ಮೂರಲ್ಲಿ ನರ್ಸಿಂಗ್ ಹೋಮ್ ಅಂತ ಬೋರ್ಡ್ ಇರುವವು ಹೆರಿಗೆ, ಆಪರೇಷನ್ ಮಾಡುವ ಆಸ್ಪತ್ರೆಗಳು. ವೃದ್ಧಾಶ್ರಮಗಳಲ್ಲಿ ಹೆಚ್ಚಿನವು ಎದ್ದು ಓಡಾಡುವವರನ್ನಷ್ಟೇ ಸೇರಿಸಿಕೊಳ್ಳುತ್ತವೆ. 'ಹಾಸಿಗೆ ಹಿಡಿದವರನ್ನ ತಗೋತೀರಾ' ಅಂತ ಫೋನಲ್ಲೇ ಕೇಳಿಬಿಡಿ, ಅರ್ಧ ಅಲೆದಾಟ ಉಳಿಯುತ್ತೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೂ ಕರೆ ಮಾಡಿ ನೋಡಿ.

ಟೈಲ್ಸು, ಟಿವಿ, ಗಾರ್ಡನ್ನು ನೋಡಿ ಮರುಳಾಗಬೇಡಿ. ನಿಮ್ಮ ತಾಯಿಗೆ ಊಟ ಮಾಡಿಸುವ, ಮಗ್ಗಲು ಬದಲಿಸುವ ಆಯಾ ಯಾರು, ಅವರಿಗೆ ಯಾವ ಭಾಷೆ ಬರುತ್ತೆ ಅಂತ ನೋಡಿ. ಬಲಭಾಗ ಬಿತ್ತು ಅಂದರೆ ಪೆಟ್ಟು ಬಿದ್ದಿರೋದು ಮೆದುಳಿನ ಎಡಭಾಗಕ್ಕೆ. ಬಹಳ ಜನಕ್ಕೆ ಮಾತಿನ ಹಿಡಿತ ಇರೋದೂ ಅಲ್ಲೇ. ಅದಕ್ಕೇ ಮಾತು ತೊದಲುತ್ತೆ, ಪದ ಸಿಗಲ್ಲ. ಇನ್ನು ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರ ಮಾತು ತೆಲುಗು. ಬೆಂಗಳೂರಿನ ಒಂದು ಕಡೆ ನಾವು ನೋಡಲು ಹೋಗಿದ್ದಾಗ ಒಬ್ಬ ಅಜ್ಜಿ 'ನೀಳ್ಳು, ನೀಳ್ಳು' ಅಂತ ಕೇಳುತ್ತಲೇ ಇದ್ದರು. ಹಿಂದಿ ಬಿಟ್ಟು ಬೇರೆ ಗೊತ್ತಿಲ್ಲದ ಹುಡುಗಿ, ಪಾಪ, ಚಳಿ ಅಂದುಕೊಂಡು ಮತ್ತೆ ಮತ್ತೆ ರಗ್ಗು ಹೊದಿಸುತ್ತಿದ್ದಳು. ನೀರಿನ ಜಗ್ಗು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಆ ಹುಡುಗಿಯ ತಪ್ಪೇನಿಲ್ಲ, ಆದರೆ ನಾವು ಆ ಜಾಗ ಬೇಡ ಅಂದುಕೊಂಡಿದ್ದು ಅಲ್ಲೇ.

ನೋಡಲು ಹೋಗೋದಾದರೆ ರಾತ್ರಿ ಊಟದ ಹೊತ್ತಿಗೆ ಹೋಗಿ. ಬೆಳಗ್ಗೆ ಎಲ್ಲ ಕಡೆಯೂ ಫಿನಾಯಿಲ್ ವಾಸನೆ, ಹೊಸ ಬೆಡ್‌ಶೀಟು. ತಿನ್ನಿಸುವಾಗ ನೆಟ್ಟಗೆ ಕೂರಿಸುತ್ತಾರಾ, ಊಟ ಆದಮೇಲೆ ಅರ್ಧ ಗಂಟೆಯಾದರೂ ಹಾಗೇ ಕೂರಿಸಿರುತ್ತಾರಾ ನೋಡಿ. ಮಲಗಿಸಿಕೊಂಡು ಬಾಯಿಗೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅಮ್ಮನಿಗೆ ಇಷ್ಟ ಅಂತ ಮನೆಯಿಂದ ಮುದ್ದೆ, ಬಸ್ಸಾರು ಕಟ್ಟಿಕೊಂಡು ಹೋಗಬೇಡಿ. ಮುದ್ದೆ ಅಗಿಯದೆ ನುಂಗುವಂಥದ್ದು, ಲಕ್ವ ಆದವರಿಗೆ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಬರೀ ನೀರು ಕೂಡ ಕೆಮ್ಮು ಬರಿಸುತ್ತೆ. ನುಂಗೋದು ಹೇಗಿದೆ ಅಂತ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ, ಗಂಜಿ ಎಷ್ಟು ಗಟ್ಟಿ ಇರಬೇಕು ಅಂತ ಕೇಳಿಕೊಳ್ಳಿ.

ಮಗ್ಗಲು ಬದಲಿಸೋದು ಎರಡು ಗಂಟೆಗೊಮ್ಮೆ, ರಾತ್ರಿ ಕೂಡ. 'ಮಾಡ್ತೀವಿ ಮೇಡಂ' ಅಂತ ಎಲ್ಲರೂ ಅಂತಾರೆ. ಬರೆದಿಡುವ ಚಾರ್ಟ್ ತೋರಿಸಿ ಅನ್ನಿ, ರಾತ್ರಿ ಎಷ್ಟು ಜನರಿಗೆ ಎಷ್ಟು ಆಯಾಗಳು ಅಂತಲೂ ಕೇಳಿ. ಸೇರಿಸಿದ ಮೇಲೆ ತಮ್ಮ ಹೋದಾಗಲೆಲ್ಲ ಹಿಮ್ಮಡಿ ನೋಡಲಿ, ಬೆನ್ನಿನ ಕೆಳಗಿನ ಮೂಳೆಯ ಹತ್ತಿರ ಆಯಾ ಕೈಲಿ ತೋರಿಸಿಕೊಳ್ಳಲಿ. ಒತ್ತಿದರೂ ಹೋಗದ ಕೆಂಪು ಕಂಡರೆ ಹುಣ್ಣು ಶುರುವಾಗಿದೆ ಅಂತಲೇ ಅರ್ಥ. ನೀವು ಹೋದಾಗ ನೀವೇ ನೋಡಬಹುದು.

ಅರ್ಧರಾತ್ರಿ ಎಡವಟ್ಟಾದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗಾ, ಟಮಕದ ಜಾಲಪ್ಪ ಆಸ್ಪತ್ರೆಗಾ, ಜೊತೆಗೆ ಯಾರು ಹೋಗುತ್ತಾರೆ ಅಂತ ಇವತ್ತೇ ಮಾತಾಡಿಕೊಳ್ಳಿ.

ದುಡ್ಡಿನ ವಿಷಯ ಬಾಯಿಮಾತಲ್ಲಿ ಬೇಡ. ತಿಂಗಳಿಗೆ ಇಷ್ಟು ಅಂತ ಹೇಳಿ, ಡೈಪರ್, ಫಿಸಿಯೋಥೆರಪಿ, ಟ್ಯೂಬ್ ಬದಲಿಸೋದು ಎಲ್ಲ ಬೇರೆ ಬಿಲ್ ಹಾಕುವ ಕಡೆಗಳಿವೆ. ತಿಂಗಳ ಮಧ್ಯೆ ಕರೆದುಕೊಂಡು ಹೋದರೆ ಅಡ್ವಾನ್ಸ್ ವಾಪಸ್ ಎಷ್ಟು ಅಂತ ಬರೆಸಿಕೊಳ್ಳಿ. ಬರೀ ಆರೈಕೆಗೆ ಅಂತ ಇದ್ದರೆ ಸಾಮಾನ್ಯವಾಗಿ ಆರೋಗ್ಯ ವಿಮೆಯಿಂದ ಏನೂ ಬರಲ್ಲ.

'ತಳ್ಳಿಬಿಟ್ಟರು' ಅಂತ ನೆಂಟರು ಅಂತಾರೆ ಅಂದಿರಿ. ಅಂತಾರೆ, ನಮಗೂ ಅಂದರು. ಹಾಗಂದವರಿಗೆಲ್ಲ ನೋಡಲು ಹೋಗುವ ಸಮಯ ಹೇಳಿದೆ. ಹೋದವರು ಕಮ್ಮಿ.

ಈಗ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. ಲಕ್ವ ಆದಮೇಲೆ ಕೈಕಾಲಿಗೆ ಹೆಚ್ಚು ಚೇತರಿಕೆ ಬರೋದು ಮೊದಲ ಕೆಲವು ತಿಂಗಳಲ್ಲಿ. ಡಿಸ್ಚಾರ್ಜ್‌ಗೆ ಮುಂಚೆ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹತ್ತಿರ ದಿನದ ವ್ಯಾಯಾಮ ಏನೇನು ಅಂತ ಬರೆಸಿಕೊಂಡು, ನೋಡಲು ಹೋದ ಕಡೆಯೆಲ್ಲ ಆ ಚೀಟಿ ಮುಂದಿಡಿ. ಇದನ್ನ ಯಾರು ಮಾಡಿಸ್ತಾರೆ, ಎಷ್ಟು ಹೊತ್ತಿಗೆ ಅಂತ ಕೇಳಿ. ಹೆಸರು, ಸಮಯ ಎರಡೂ ಹೇಳದ ಕಡೆ ಸೇರಿಸಬೇಡಿ.