ಎನ್‌ಎಸ್‌ಎಸ್‌ಗೆ ಸೇರಿದರೆ ಒಂದು ವರ್ಷದಲ್ಲಿ ಕೈಗೆ ಏನು ಸಿಗುತ್ತದೆ?

ಮಗಳು ಬಿಎಸ್ಸಿ ಮೊದಲ ವರ್ಷ, ಎನ್‌ಎಸ್‌ಎಸ್‌ಗೆ (ವಿದ್ಯಾರ್ಥಿಗಳು ಸಮಾಜ ಸೇವೆ ಮಾಡುವ ರಾಷ್ಟ್ರೀಯ ಸೇವಾ ಯೋಜನೆ) ಹೆಸರು ಕೊಡುತ್ತೇನೆ ಅಂತಿದ್ದಾಳೆ, ವರ್ಷಕ್ಕೆ 120 ಗಂಟೆ ಕೆಲಸ ಅಂತೆ, ಓದು ಹಾಳಾಗಲ್ವಾ, ವರ್ಷ ಮುಗಿದಾಗ ಏನಾದರೂ ಪ್ರಯೋಜನ ಇದೆಯಾ. ಇಷ್ಟು ತಾನೇ ನೀವು ಕೇಳಿದ್ದು? ಹೇಳುತ್ತೇನೆ.

ನಾನು ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯದ ಮೇಷ್ಟ್ರು. ನಾಲ್ಕು ವರ್ಷ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯಾಗಿದ್ದೆ. ಇಷ್ಟಪಟ್ಟು ಆದದ್ದಲ್ಲ. ಯಾರು ಆಗ್ತೀರಿ ಅಂತ ಸ್ಟಾಫ್ ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರೂ ತಲೆ ತಗ್ಗಿಸಿದರು, ಹೊಸಬನಾದ ನನಗೆ ಆ ವಿದ್ಯೆ ಗೊತ್ತಿರಲಿಲ್ಲ. ಹಾಗಾಗಿ ಹೊಗಳಲೇಬೇಕು ಅನ್ನುವ ಹಂಗು ನನಗಿಲ್ಲ.

ಮೊದಲು ನೇರ ಉತ್ತರ. ಒಂದು ವರ್ಷ ಮುಗಿದಾಗ ಸರ್ಟಿಫಿಕೇಟ್ ಸಿಗುವುದಿಲ್ಲ. ಅದಕ್ಕೆ ಎರಡು ವರ್ಷ ಸೇರಿ 240 ಗಂಟೆ ಆಗಬೇಕು, ಜೊತೆಗೆ ಏಳು ದಿನದ ವಿಶೇಷ ಶಿಬಿರ ಒಂದನ್ನು ಮುಗಿಸಿರಬೇಕು. ವರ್ಷದ 120 ಗಂಟೆಯಲ್ಲಿ 20 ಗಂಟೆ ಪರಿಚಯ ಮತ್ತು ತರಬೇತಿಗೆ, 30 ಗಂಟೆ ಕಾಲೇಜಿನ ಆವರಣದ ಕೆಲಸಕ್ಕೆ, ಉಳಿದ 70 ಗಂಟೆ ಹೊರಗೆ, ಜನರ ನಡುವೆ. ಭಾಗಿಸಿ ನೋಡಿ, ವಾರಕ್ಕೆ ಎರಡೂವರೆ ಮೂರು ಗಂಟೆ ಬರುತ್ತದೆ. ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ. ಪರೀಕ್ಷೆ ಹತ್ತಿರ ಬಂದಾಗ ಬುದ್ಧಿ ಇರುವ ಯಾವ ಅಧಿಕಾರಿಯೂ ಕೆಲಸ ಇಟ್ಟುಕೊಳ್ಳುವುದಿಲ್ಲ. ಓದಿನ ಚಿಂತೆ ಬಿಡಿ.

ಇದು ಇವತ್ತು ನಿನ್ನೆಯ ಯೋಜನೆಯಲ್ಲ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ಶುರುವಾಯಿತು. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಬೆಂಗಳೂರಿನ ಐಸೆಕ್ ಅನ್ನುವ ಸಮಾಜ-ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆ ಕಟ್ಟಿದವರೂ ಅವರೇ. ಮೊದಲ ವರ್ಷ 37 ವಿಶ್ವವಿದ್ಯಾಲಯ, ಸುಮಾರು 40,000 ವಿದ್ಯಾರ್ಥಿಗಳು. ಬ್ಯಾಡ್ಜಿನ ಮೇಲಿರುವುದು ಕೋನಾರ್ಕ್ ಸೂರ್ಯ ದೇವಾಲಯದ ರಥದ ಚಕ್ರ. ಅದರ ಎಂಟು ಕಡ್ಡಿಗಳೆಂದರೆ ದಿನದ 24 ಗಂಟೆ. ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ಮೊದಲ ದಿನದ ತರಬೇತಿಯಲ್ಲಿ ಮಗಳು ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬರುತ್ತಾಳೆ, ನಾನು ಉದ್ದ ಮಾಡುವುದಿಲ್ಲ.

ನಿಮ್ಮ ಪ್ರಶ್ನೆಯ ಒಳಗಿರುವ ಪ್ರಶ್ನೆ ಬೇರೆ. ಒಂದು ವರ್ಷದಲ್ಲಿ ಏನಾದರೂ ನಿಜವಾಗಿ ಆಗುತ್ತದಾ, ಇಲ್ಲಾ ಸುಮ್ನೆ ಫೋಟೋನಾ? ಎರಡೂ ಆಗುತ್ತದೆ. ನನ್ನ ಕೈಯಲ್ಲೇ ಎರಡೂ ಆಗಿದೆ.

ನಾನು ಅಧಿಕಾರಿಯಾದ ಮೊದಲ ವರ್ಷ ಜೂನ್ 5, ಪರಿಸರ ದಿನ. ಕಾಲೇಜಿನಿಂದ ಎಂಟು ಕಿಲೋಮೀಟರ್ ದೂರದ ನಮ್ಮ ದತ್ತು ಗ್ರಾಮದಲ್ಲಿ, ಸ್ಮಶಾನದ ಪಕ್ಕದ ಗೋಮಾಳದಲ್ಲಿ 200 ಸಸಿ ನೆಟ್ಟೆವು. ಹೊಂಗೆ, ಬೇವು, ನೇರಳೆ. ಫ್ಲೆಕ್ಸ್ ಇತ್ತು, ಅತಿಥಿಗಳಿದ್ದರು, ಮಕ್ಕಳಿಗೆ ಟೋಪಿ ಇತ್ತು. ಅತಿಥಿಗಳಿಗೆ ಮತ್ತೊಂದು ಕಾರ್ಯಕ್ರಮಕ್ಕೆ ಹೋಗುವ ಅವಸರ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ವಾರ್ಷಿಕ ವರದಿಯಲ್ಲಿ 'ಸಸಿ ನೆಡುವಿಕೆ: 200' ಅಂತ ನಾನೇ ಬರೆದೆ. ಬರೆಯುವಾಗ ಖುಷಿಯೂ ಆಗಿತ್ತು, ಸುಳ್ಳೇಕೆ ಹೇಳಲಿ.

ಮಾರನೇ ವರ್ಷ ಮೇ ತಿಂಗಳು. ಹೊಸ ಸಸಿಗೆ ಜಾಗ ನೋಡೋಣ ಅಂತ ನಾಲ್ಕು ಹುಡುಗರ ಜೊತೆ ಅಲ್ಲಿಗೆ ಹೋದೆ. ಲೆಕ್ಕದ ಮೇಷ್ಟ್ರು ನೋಡಿ, ತಾಳೆ ನೋಡದಿದ್ದರೆ ಸಮಾಧಾನ ಇಲ್ಲ. ಎಣಿಸಿದೆವು. ಜೀವ ಇದ್ದದ್ದು 31.

ಮಿಕ್ಕವು ಏನಾದವು? ಅರ್ಧಕ್ಕರ್ಧ ಮೇಕೆ ತಿಂದಿತ್ತು, ಅದು ಗೊತ್ತಾಗುವಂಥದ್ದೇ. ಆದರೆ ಒಂದಷ್ಟು ಸಸಿ ಮೇಕೆಯ ಬಾಯಿ ತಾಕದೆಯೂ ನಿಂತ ನಿಲುವಿನಲ್ಲೇ ಒಣಗಿದ್ದವು. ಒಬ್ಬ ಹುಡುಗ ಒಂದನ್ನು ಹಿಡಿದು ಎಳೆದ. ಬೇರು, ಮಣ್ಣು ಎಲ್ಲ ಒಟ್ಟಿಗೇ ಮೇಲೆ ಬಂತು. ನರ್ಸರಿಯ ಕರಿ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು! ಕವರ್ ಹರಿಯದೆಯೇ ಗುಂಡಿಗೆ ಇಳಿಸಿ ಮಣ್ಣು ಮುಚ್ಚಿದ್ದೆವು. ಒಳಗೆ ಬೇರು ದಾರಿ ಸಿಗದೆ ತಳದಲ್ಲಿ ಸುತ್ತು ಸುತ್ತು ಸುತ್ತಿಕೊಂಡಿತ್ತು, ನೂಲಿನ ಉಂಡೆಯ ಹಾಗೆ. ಇನ್ನೂ ಹತ್ತಾರು ಕಿತ್ತು ನೋಡಿದೆವು, ಬಹಳಷ್ಟು ಹಾಗೇ. ನೂರು ಮಕ್ಕಳಿಗೆ ಶಿಸ್ತಿನಿಂದ ಸಾಲಾಗಿ ನಿಲ್ಲುವುದು ಹೇಳಿಕೊಟ್ಟಿದ್ದೆ, ಕವರ್ ಹರಿಯಬೇಕು ಅಂತ ಹೇಳಿರಲಿಲ್ಲ.

ಎರಡನೇ ವರ್ಷ ನೆಟ್ಟದ್ದು 40 ಮಾತ್ರ. ಮಳೆ ಹಿಡಿದ ಮೇಲೆ ನೆಟ್ಟೆವು, ಜೂನ್ 5 ಅಂತ ಕೂರಲಿಲ್ಲ. ಒಂದು ಸಸಿಗೆ ಇಬ್ಬರು ಸ್ವಯಂಸೇವಕರು, ಹೆಸರು ಬರೆದು ಹಂಚಿದೆ. ಜಾಲಿ ಮುಳ್ಳು ಕಡಿದು ಸುತ್ತ ಬೇಲಿ ಕಟ್ಟಿದರು. ಬುಡದ ಪಕ್ಕ ತಳದಲ್ಲಿ ಸಣ್ಣ ತೂತಿರುವ ಮಡಕೆ ಹೂತು, ತೂತಿಗೆ ಬಟ್ಟೆಯ ಬತ್ತಿ ಸಿಕ್ಕಿಸಿದರು. ಒಮ್ಮೆ ತುಂಬಿಸಿದರೆ ನೀರು ನಿಧಾನಕ್ಕೆ ಬೇರಿಗೆ ಇಳಿಯುತ್ತದೆ. ಇದು ನನ್ನ ತಲೆಯಿಂದ ಬಂದದ್ದಲ್ಲ, ಒಬ್ಬ ಹುಡುಗನ ಅಜ್ಜಿ ಹೇಳಿದ್ದು. ಬೇಸಿಗೆ ರಜೆ ಬಂತು, ಕಾಲೇಜಿನವರು ಊರಿಗೆ ಹೋದರು. ಆಗ ನೀರು ಹಾಕುವವರು ಯಾರು? ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಕೊನೆಗೆ ಗೋಮಾಳದಲ್ಲಿ ಕುರಿ ಮೇಕೆ ಮೇಯಿಸುತ್ತಿದ್ದ ಒಬ್ಬರು, 'ಬಿಂದಿಗೆ ಒಂದು ಕೊಟ್ಟೋಗಿ ಸಾಮಿ, ಹಾಕ್ತೀನಿ' ಅಂದರು. ಹಿಂದಿನ ವರ್ಷ ಗಿಡ ತಿಂದದ್ದು ಅವರ ಹಿಂಡೇ ಇರಬಹುದು, ನಾನು ಕೇಳಲು ಹೋಗಲಿಲ್ಲ.

ವರ್ಷದ ಕೊನೆಗೆ ವರದಿ ಕೊಟ್ಟೆ. ನೆಟ್ಟದ್ದು 40, ಉಳಿದದ್ದು 33. ಪ್ರಾಂಶುಪಾಲರು ಹಳೇ ವರದಿ ಪಕ್ಕದಲ್ಲಿಟ್ಟುಕೊಂಡು ನೋಡಿದರು. 'ಏನ್ರೀ, ಹೋದ ವರ್ಷ 200, ಈ ವರ್ಷ 40. ಪ್ರಗತಿ ಕಮ್ಮಿ ಆಗಿದೆಯಲ್ರೀ?' ಅಂದರು. ವಿವರಿಸಿದೆ. ಅರ್ಥವಾಯಿತು ಅಂತ ತಲೆ ಆಡಿಸಿ, 'ಆದ್ರೂ ಮುಂದಿನ ಸಲ ನಂಬರ್ ಸ್ವಲ್ಪ ಜಾಸ್ತಿ ಇರಲಿ' ಅಂದರು. ಒಳ್ಳೆಯ ಮನುಷ್ಯರೇ, ಅವರಿಗೂ ಮೇಲಿನವರಿಗೆ ಅಂಕಿ ಕಳಿಸಬೇಕಿತ್ತು.

ರಕ್ತದಾನ ಶಿಬಿರದಲ್ಲೂ ಇದೇ ಕತೆ. ವರದಿಗೆ ಬೇಕಾದದ್ದು ಎಷ್ಟು ಯೂನಿಟ್ ಅನ್ನುವುದೊಂದೇ. 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ನಮ್ಮಲ್ಲಿ ಉತ್ಸಾಹದಿಂದ ಸಾಲು ನಿಂತ ಹುಡುಗಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯನ್ನು ಬೆರಳು ಚುಚ್ಚಿ ನೋಡಿ ವಾಪಸ್ ಕಳಿಸಿದರು. ಅವರು ಮುಖ ಸಣ್ಣದು ಮಾಡಿಕೊಂಡು ಬಿಸ್ಕತ್ತು ತಿಂದು ಹೋದರು. ನಾನು ಅದನ್ನು ಅಷ್ಟಕ್ಕೇ ಬಿಡುತ್ತಿದ್ದೆ. ಘಟಕದ ನಾಯಕಿಯಾಗಿದ್ದ ಹುಡುಗಿ ಬಿಡಲಿಲ್ಲ. 'ಸರ್, ಕೊಟ್ಟವರ ಪಟ್ಟಿ ಇದೆ, ವಾಪಸ್ ಕಳಿಸಿದವರ ಪಟ್ಟಿ ಎಲ್ಲಿ?' ಅಂದಳು. ಅವಳೇ ಕೂತು ಬರೆದಳು. 12.5 ಇಲ್ಲ ಅಂದ ಮಾತ್ರಕ್ಕೆ ರಕ್ತಹೀನತೆ ಅಂತಲ್ಲ, ಹೆಣ್ಣುಮಕ್ಕಳಲ್ಲಿ 12ಕ್ಕಿಂತ ಕೆಳಗಿದ್ದರೆ ಹಾಗೆ ಲೆಕ್ಕ. ಪಟ್ಟಿಯಲ್ಲಿ 9, 10 ಇದ್ದವರೂ ಇದ್ದರು. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಅಂಕಿಯನ್ನು ನಾನು ಪೇಪರಿನಲ್ಲಿ ಓದಿ ಮರೆತಿದ್ದೆ. ನಮ್ಮ ಕ್ಲಾಸಿನ ಎರಡನೇ ಬೆಂಚಿನಲ್ಲೇ ಅದು ಕೂತಿತ್ತು. ಆ ಪಟ್ಟಿ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು, ವೈದ್ಯರು ಕಾಲೇಜಿಗೇ ಬಂದು ನೋಡಿದರು, ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಮೂರು ತಿಂಗಳಾದ ಮೇಲೆ ಮತ್ತೆ ಬೆರಳು ಚುಚ್ಚಿಸಿದೆವು. ಕೆಲವರದು ಏರಿತ್ತು. ಮಾತ್ರೆ ನುಂಗದೆ ಬ್ಯಾಗಿನಲ್ಲೇ ಇಟ್ಟುಕೊಂಡವರದು ಏರಿರಲಿಲ್ಲ. ವರದಿಯ ನಮೂನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ, 'ಇತರೆ' ಅನ್ನುವಲ್ಲಿ ಬರೆದೆ.

ಇನ್ನು ಏಳು ದಿನದ ಶಿಬಿರ. ಒಂದು ಘಟಕದಲ್ಲಿ ನೂರು ಮಂದಿ ಇದ್ದರೆ ಶಿಬಿರಕ್ಕೆ ಹೋಗುವುದು ಐವತ್ತು. ಮಲಗುವುದು ಊರಿನ ಶಾಲೆಯಲ್ಲಿ. ಬೆಳಗ್ಗೆ ಎದ್ದು ಪ್ರಭಾತ ಫೇರಿ, ಧ್ವಜಾರೋಹಣ, ತಿಂಡಿ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ (ಅರ್ಧ ಮಂದಿ ತೂಕಡಿಸುತ್ತಾರೆ, ನಾನೂ), ಸಂಜೆ ಮನೆ ಮನೆ ಸಮೀಕ್ಷೆ, ರಾತ್ರಿ ಹಾಡು ನಾಟಕ. ಅಡುಗೆಗೆ ಸರದಿ. ಐವತ್ತು ಜನಕ್ಕೆ ಉಪ್ಪಿಟ್ಟು ಕೆದಕುವುದು ಏನು ಅಂತ ಆ ವಾರ ತಿಳಿಯುತ್ತದೆ.

ನಾನು ನಿಮಗೆ ಹೇಳಬೇಕು ಅಂದುಕೊಂಡಿದ್ದು ಆ ಸಮೀಕ್ಷೆಯ ವಿಷಯ. ನಮ್ಮ ಫಾರಂನಲ್ಲಿ 'ಶೌಚಾಲಯ ಇದೆಯೇ?' ಅಂತ ಒಂದು ಪ್ರಶ್ನೆ. ಮೊದಲ ಸಂಜೆ ಮೂವತ್ತು ಮನೆಯಲ್ಲೂ 'ಇದೆ'. ಹುಡುಗರು ಟಿಕ್ ಹಾಕಿಕೊಂಡು ಬಂದರು. ಎರಡನೇ ಸಂಜೆ ಒಂದು ಮನೆಯಲ್ಲಿ ಬಿಕಾಂ ಹುಡುಗನೊಬ್ಬನಿಗೆ ಅವಸರವಾಗಿ, 'ಅಮ್ಮಾ, ಒಂದ್ಸಲ ಹೋಗಿ ಬರ್ಲಾ?' ಅಂತ ಕೇಳಿದ. ಆ ತಾಯಿ ನಕ್ಕು ಬಾಗಿಲು ತೆಗೆದು ತೋರಿಸಿದರು. ಒಳಗೆ ಸೂರು ಮುಟ್ಟುವಷ್ಟು ಕಟ್ಟಿಗೆ, ಅದರ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು. 'ನೀರೇ ಇಲ್ವಲ್ಲಪ್ಪ, ಇದಕ್ಕೆಲ್ಲಿಂದ ಹಾಕಾದು' ಅಂದರಂತೆ. ಅವತ್ತು ರಾತ್ರಿ ಹುಡುಗರೇ ಕೂತು ಪ್ರಶ್ನೆ ಬದಲಾಯಿಸಿದರು. 'ಇದೆಯೇ' ಹೋಗಿ 'ಬೆಳಗ್ಗೆ ಯಾರ್ಯಾರು ಬಳಸಿದರು' ಅಂತ ಆಯಿತು. ಮೂರನೇ ದಿನ ಮೊದಲ ಮೂವತ್ತು ಮನೆಗೆ ಮತ್ತೆ ಹೋದರು. ಬೈಸಿಕೊಂಡೂ ಬಂದರು. ನೀರಿನ ಸಮಸ್ಯೆ ಬರೆದು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟರು. ಒಂದು ಬೀದಿಗೆ ನಲ್ಲಿ ಬಂತು, ಮತ್ತೊಂದಕ್ಕೆ ನಾನು ಅಧಿಕಾರಿಯಾಗಿದ್ದಷ್ಟು ದಿನ ಬರಲಿಲ್ಲ.

ಆ ಬಿಕಾಂ ಹುಡುಗ ಈಗ ಆಡಿಟರ್ ಒಬ್ಬರ ಬಳಿ ಕೆಲಸಕ್ಕಿದ್ದಾನೆ. ಸ್ಟಾಕ್ ಪಟ್ಟಿ ಕೊಟ್ಟರೆ ಗೋಡೌನ್ ಬಾಗಿಲು ತೆಗೆಸಿ ನೋಡದೆ ಸಹಿ ಮಾಡಲ್ಲ ಅಂತ ಫೋನಿನಲ್ಲಿ ಹೇಳಿ ನಗುತ್ತಿರುತ್ತಾನೆ. ಮಗಳಿಗೆ ಏನು ಸಿಗುತ್ತದೆ ಅಂದಿರಲ್ಲ, ಇಂಥದ್ದು ಸಿಗಬಹುದು.

ದೊಡ್ಡ ಅವಕಾಶಗಳೂ ಇವೆ. ದೆಹಲಿಯ ಗಣರಾಜ್ಯೋತ್ಸವ ಶಿಬಿರ ಎಲ್ಲರಿಗೂ ಆಸೆ, ಆದರೆ ಇಡೀ ದೇಶದಿಂದ ಆರಿಸುವುದು ಸುಮಾರು 200 ಮಂದಿಯನ್ನು. 2023ರ ಜನವರಿಯಲ್ಲಿ ರಾಷ್ಟ್ರೀಯ ಯುವಜನೋತ್ಸವ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ನಡೆದಿತ್ತು. ಅದೇ ವರ್ಷ ಅಕ್ಟೋಬರ್ 31ಕ್ಕೆ ಕೇಂದ್ರ ಸರ್ಕಾರ 'ಮೇರಾ ಯುವ ಭಾರತ್' ಅನ್ನುವ ಯುವಜನರ ವೇದಿಕೆ ಶುರುಮಾಡಿತು, 15ರಿಂದ 29 ವರ್ಷದವರು ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬಹುದು. ಸಿಕ್ಕರೆ ಹೋಗಲಿ. ಅದಕ್ಕೋಸ್ಕರವೇ ಸೇರುವುದು ಬೇಡ.

ಎಲ್ಲ ಘಟಕವೂ ಒಂದೇ ಥರ ಇರಲ್ಲ. ಕೆಲವು ಕಡೆ ಎನ್‌ಎಸ್‌ಎಸ್ ಅಂದರೆ ಕಾಲೇಜಿನ ಫಂಕ್ಷನ್‌ಗೆ ಕುರ್ಚಿ ಹಾಕುವ ದಂಡು. ಇದನ್ನು ಕಂಡುಹಿಡಿಯುವುದು ಸುಲಭ. ಹೆಸರು ಕೊಡುವ ಮೊದಲು ಮಗಳು ಸೀನಿಯರ್‌ಗಳನ್ನು ಎರಡು ಮಾತು ಕೇಳಲಿ. ಹೋದ ವರ್ಷ ಶಿಬಿರ ಮಾಡಿದ ಊರಿಗೆ ಆಮೇಲೆ ಎಷ್ಟು ಸಲ ಹೋಗಿದ್ದೀರಿ? ಕೆಲಸದ ಡೈರಿ ನೀವೇ ಬರೀತೀರಾ, ಇಲ್ಲಾ ಕೊನೇ ವಾರ ಒಬ್ಬರದು ನೋಡಿ ಎಲ್ಲರೂ ಕಾಪಿ ಹೊಡೀತೀರಾ? ನಮ್ಮಲ್ಲೂ ಮೊದಲ ವರ್ಷ ಕಾಪಿಯೇ. ಭಾನುವಾರ ಕಾಲೇಜಿಗೆ ಬೀಗ ಹಾಕಿದ್ದಾಗಲೂ ನೂರು ಮಂದಿ ಆವರಣ ಗುಡಿಸಿದ್ದರು, ಡೈರಿಯಲ್ಲಿ.

ಹೆಣ್ಣುಮಗು ಏಳು ದಿನ ಹೊರಗೆ ಉಳಿಯುತ್ತದೆ ಅನ್ನುವ ದಿಗಿಲು ನಿಮಗೆ ಇದ್ದೇ ಇರುತ್ತದೆ. ಸಂಕೋಚ ಬೇಡ, ಕಾಲೇಜಿಗೆ ಹೋಗಿ ಕೇಳಿ. ರಾತ್ರಿ ಜೊತೆಗಿರುವ ಮೇಡಂ ಯಾರು, ಹುಡುಗಿಯರಿಗೆ ಬೇರೆ ಕೋಣೆ ಇದೆಯಾ, ಬಚ್ಚಲಿಗೆ ನೀರು ಬರುತ್ತದಾ. ನಮ್ಮ ಹುಡುಗನ ಹಾಗೆ, ಇದೆ ಅಂದರೆ ಸಾಲದು, ಸಾಧ್ಯವಾದರೆ ಶಿಬಿರದ ಮೊದಲ ದಿನ ಹೋಗಿ ನೋಡಿಕೊಂಡೇ ಬನ್ನಿ. ಸರಿಯಾದ ಅಧಿಕಾರಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಳಿಸುವುದಾದರೆ ಬ್ಯಾಗಿಗೆ ಒಂದು ತಟ್ಟೆ ಲೋಟ, ಹೊದಿಕೆ, ಟಾರ್ಚು, ಸೊಳ್ಳೆಗೆ ಹಚ್ಚುವ ಮುಲಾಮು ಹಾಕಿ. ಹೊಸ ಚಪ್ಪಲಿ ಬೇಡ. ಗುದ್ದಲಿ ಹಿಡಿದು ಅಭ್ಯಾಸ ಇಲ್ಲದವರಿಗೆ ಮೊದಲ ದಿನ ಮಧ್ಯಾಹ್ನದೊಳಗೇ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಆಮೇಲೆ ಮೂರು ದಿನ ಅನ್ನ ಕಲಸಲೂ ಆಗುವುದಿಲ್ಲ. ಹಳೇ ಹತ್ತಿ ಬಟ್ಟೆ ಎರಡು ತುಂಡು ಕೊಟ್ಟು, ಶುರುವಿನಿಂದಲೇ ಕೈಗೆ ಸುತ್ತಿಕೋ ಅಂತ ಹೇಳಿ.