ಚೀನಾದ ಲುವೊಯಾಂಗ್ ಊರಿಗೆ ಆ ಹೆಸರು ಹೇಗೆ ಬಂತು, ಅರ್ಥ ಏನು?

ಸಿಂಪಲ್ ಆಗಿ ಹೇಳ್ಬೇಕಂದ್ರೆ, "ಲುವೊ ನದಿಯ ಉತ್ತರ ದಡದ ಊರು" ಅಂತ. ಲುವೊ ಅನ್ನೋದು ನದಿ ಹೆಸರು, ಯಾಂಗ್ ಅಂದ್ರೆ ಬಿಸಿಲು ಬೀಳೋ ಕಡೆ. ಯಿನ್-ಯಾಂಗ್ ಅಂತ ಕೇಳಿರ್ತೀರಲ್ಲ, ಅದೇ ಯಾಂಗ್.

ಬಿಸಿಲಿಗೂ ಉತ್ತರ ದಡಕ್ಕೂ ಏನು ಸಂಬಂಧ ಅಂದ್ರೆ, ಚೀನಾದ ಆ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗ್ಲೂ ದಕ್ಷಿಣಕ್ಕೇ ವಾಲಿರ್ತಾನೆ, ಹಾಗಾಗಿ ಬೆಟ್ಟದ ದಕ್ಷಿಣದ ಇಳಿಜಾರಿಗೆ ಒಳ್ಳೆ ಬಿಸಿಲು, ನದಿ ಹರಿಯೋದು ಕಣಿವೇಲಿ ಅಲ್ವಾ, ಅದರ ಉತ್ತರ ದಡ ದಕ್ಷಿಣಕ್ಕೆ ಮುಖ ಮಾಡಿರುತ್ತೆ, ಸೋ ಅದೂ ಬಿಸಿಲ ಕಡೆನೇ. ಬೆಟ್ಟಕ್ಕೆ ದಕ್ಷಿಣ ಯಾಂಗ್, ನದಿಗೆ ಉತ್ತರ ಯಾಂಗ್, ಕೇಳೋಕೆ ಉಲ್ಟಾ ಅನ್ಸುತ್ತೆ ಅಷ್ಟೇ. ಯಿನ್ ಅಂದ್ರೆ ನೆರಳಿನ ಕಡೆ, ಹುವಾ ಬೆಟ್ಟದ ಉತ್ತರಕ್ಕಿರೋ ಊರು ಹುವಾಯಿನ್. ಕೊರಿಯಾದ ಸಿಯೋಲ್‌ಗೂ ಹಿಂದೆ ಹಾನ್‌ಯಾಂಗ್ ಅಂತಿದ್ರು, ಹಾನ್ ನದಿಯ ಉತ್ತರಕ್ಕಿತ್ತು ಅಂತ.

ಇನ್ನೊಂದು ಮಜಾ ವಿಷ್ಯ ಇದೆ. ಕ್ರಿ.ಶ. 25ರಲ್ಲಿ ಪೂರ್ವ ಹಾನ್ ವಂಶದವರು ಲುವೊಯಾಂಗನ್ನ ರಾಜಧಾನಿ ಮಾಡ್ಕೊಂಡ್ರು, ಒಂದೊಂದು ರಾಜವಂಶಕ್ಕೂ ಬೆಂಕಿ, ನೀರಿನಂಥ ಒಂದು ತತ್ವ ಇರುತ್ತೆ ಅಂತ ಆಗ ನಂಬ್ತಿದ್ರು, ಇವರದ್ದು ಬೆಂಕಿ, ಆದ್ರೆ ಲುವೊ ಅಕ್ಷರದ ಪಕ್ಕದಲ್ಲಿ ನೀರಿನ ಗುರುತು, ಮೂರು ಹನಿ! ನೀರು ಬೆಂಕಿನ ಆರಿಸುತ್ತಲ್ಲ ಅಂತ ಅದೇ ಉಚ್ಚಾರಣೆಯ, ಹನಿ ಇಲ್ಲದ ಬೇರೆ ಅಕ್ಷರ ಹಾಕಿದ್ರು. ಆಮೇಲೆ ಬಂದ ವೇಯ್ ವಂಶದವರು ವಾಪಸ್ ನೀರಿನ ಅಕ್ಷರನೇ ತಂದ್ರು.

ಈಗೇನೋ ಊರು ನದಿಯ ಎರಡೂ ದಡಕ್ಕೆ ಬೆಳೆದಿದೆ, ಹೆಸರು ಮಾತ್ರ ಉತ್ತರದ್ದೇ.