ಕುದುರೆ ಅಂದರೆ ಜೀವ ಅನ್ನುತ್ತಿದ್ದ ಹುಡುಗಿಯನ್ನು ವರ್ಷದ ದಿನ ಹೇಗೆ ನೆನೆಯಲಿ?

ನಿಮ್ಮ ಅಣ್ಣನ ಮಗಳು ಹೋಗಿ ಮುಂದಿನ ತಿಂಗಳಿಗೆ ಒಂದು ವರ್ಷ, ಹನ್ನೆರಡು ವಯಸ್ಸು, ಕುದುರೆ ಅಂದರೆ ಜೀವ, ಈಗ ಮನೆಯಲ್ಲಿ ಯಾರೂ ಅವಳ ಮಾತೆತ್ತುತ್ತಿಲ್ಲ ಅಂತ ಬರೆದಿದ್ದೀರಿ. ಓದಿ ಎರಡು ದಿನ ಸುಮ್ಮನಿದ್ದೆ. ನಮ್ಮ ಮನೆಯಲ್ಲೂ ಅಂಥವಳೊಬ್ಬಳಿದ್ದಳು. ನನ್ನ ಅಕ್ಕನ ಮಗಳು. ಪುಟ್ಟಿ ಅಂತ ಕರೆಯುತ್ತಿದ್ದೆವು. 2020ರ ಜನವರಿಯಲ್ಲಿ ಹೋದಳು. ಹನ್ನೊಂದು ಆಗಷ್ಟೇ ತುಂಬಿತ್ತು.

ಮೊದಲ ವರ್ಷದ ದಿನ ನಾವು ಮಾಡಿದ್ದನ್ನು ನೀವು ಮಾಡಬೇಡಿ. ಕಾರ್ಯ ಮುಗಿಸಿ ಊಟಕ್ಕೆ ಕೂತಾಗ ಎಲ್ಲರೂ ಆಸ್ಪತ್ರೆಯ ಮಾತೇ ಆಡಿದೆವು. ಯಾವ ಡಾಕ್ಟರು ಏನಂದರು, ಯಾವ ವಾರ ಜ್ವರ ಏರಿತು, ಅದೇ. ಕಾಯಿಲೆ ಇದ್ದದ್ದು ಎಂಟು ತಿಂಗಳು. ಅದಕ್ಕೆ ಮುಂಚೆ ಹತ್ತು ವರ್ಷ ಅವಳು ಚೆನ್ನಾಗಿ ಬದುಕಿದ್ದಳು ಅಲ್ವಾ? ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಅವಳಿಗೆ ನಾಲ್ಕು ವರ್ಷ ಇದ್ದಾಗ ಚಿಕ್ಕಪೇಟೆಯಲ್ಲಿ ಒಂದು ಮದುವೆ ಮೆರವಣಿಗೆ ಎದುರಾಯಿತು. ಬ್ಯಾಂಡು, ಪಟಾಕಿ, ಬಿಳಿ ಕುದುರೆ ಮೇಲೆ ಮದುಮಗ. ಇವಳು ನನ್ನ ಕೈ ಜಗ್ಗಿ, "ಮಾಮ, ಕುದುರೆಗೆ ನೀರು ಕೊಟ್ರಾ?" ಅಂದಳು. ನನಗೇನು ಗೊತ್ತು. "ಹೋಗಿ ಕೇಳು" ಅಂದಳು. ಹೋಗಿ ಕೇಳಿದೆ. ಆಮೇಲೆ ಎಲ್ಲಿ ಕುದುರೆ ಕಂಡರೂ ಅವಳ ಮೊದಲ ಪ್ರಶ್ನೆ ಅದೇ.

ಅಕ್ಕನ ಮನೆ ಶೇಷಾದ್ರಿಪುರದಲ್ಲಿ, ರೇಸ್ ಕೋರ್ಸಿಗೆ ಹತ್ತಿರ. ಬೆಳಗ್ಗೆ ಅಲ್ಲಿ ಕುದುರೆಗಳಿಗೆ ಓಟದ ಅಭ್ಯಾಸ ಮಾಡಿಸುತ್ತಾರೆ. ಸ್ಕೂಲಿಗೆ ರಜೆ ಇದ್ದರೆ ನಾವಿಬ್ಬರೂ ಕಾಂಪೌಂಡಿನ ಪಕ್ಕ ಸ್ಕೂಟರ್ ನಿಲ್ಲಿಸಿಕೊಂಡು ಗೊರಸಿನ ಸದ್ದಿಗೆ ಕಾಯುತ್ತಿದ್ದೆವು. ಕುದುರೆ ನಡೆದರೆ ನಾಲ್ಕು ಪೆಟ್ಟು, ಟ್ರಾಟ್‌ಗೆ, ಅಂದರೆ ಮೆಲ್ಲನೆ ಓಡಿದರೆ, ಎರಡು, ಕ್ಯಾಂಟರ್‌ಗೆ, ಅಂದರೆ ಅದಕ್ಕಿಂತ ಜೋರಾಗಿ ಓಡಿದರೆ, ಮೂರು. ಹಿಂದೆ ಕೂತು ನನ್ನ ಬೆನ್ನ ಮೇಲೆ ಬಡಿದು ಕಲಿಸಿದಳು. ಕ್ಯಾಂಟರ್ ಮಾತ್ರ ಈಗಲೂ ಬೆನ್ನಿನಲ್ಲಿ ಹಾಗೇ ಇದೆ.

ಎಂಟನೇ ವಯಸ್ಸಿಗೆ ಯಲಹಂಕದ ಆಚೆ ಒಂದು ಕಡೆ ಸವಾರಿ ಕಲಿಯಲು ಸೇರಿಸಿದೆವು. ಮೊದಲ ತಿಂಗಳು ಕುದುರೆ ಹತ್ತಿಸಲೇ ಇಲ್ಲ. ಮೈ ಉಜ್ಜು, ಗೊರಸಿಗೆ ಸಿಕ್ಕಿದ ಕಲ್ಲು ತೆಗೆ, ಲಾಯ ಗುಡಿಸು. ಅವಳಿಗೆ ಅದೇ ಹಬ್ಬ. ಕುದುರೆಗೆ ತಿನ್ನಿಸುವಾಗ ಅಂಗೈ ಚಪ್ಪಟೆ ಇರಬೇಕು, ಇಲ್ಲದಿದ್ದರೆ ಬೆರಳು ಹಲ್ಲಿಗೆ ಸಿಗುತ್ತದೆ. ಅವಳು ಅಜ್ಜಿಗೆ ಕಡಲೆಕಾಯಿ ಕೊಡುತ್ತಿದ್ದದ್ದೂ ಹಾಗೇ, ಅಂಗೈ ಚಾಚಿ.

ಕುದುರೆಯ ಎತ್ತರವನ್ನು ಹ್ಯಾಂಡ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು. 14 ಹ್ಯಾಂಡ್ 2 ಇಂಚಿನ ತನಕ ಸಾಮಾನ್ಯವಾಗಿ ಪೋನಿ, ಅಂದರೆ ಗಿಡ್ಡ ಕುದುರೆ ಅನ್ನುತ್ತಾರೆ. ಅದನ್ನು 14.2 ಅಂತ ಬರೆಯುತ್ತಾರೆ. ಪುಟ್ಟಿ ತನ್ನ ಎತ್ತರವನ್ನೂ ಇದೇ ಲೆಕ್ಕದಲ್ಲಿ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಗುರುತು ಹಾಕುತ್ತಿದ್ದಳು. ಕೊನೆಯ ಗುರುತು 13.3. "ಇನ್ನು ಮೂರೇ ಇಂಚು. ಅದು ದಾಟಿದರೆ ನಾನು ಪೋನಿ ಅಲ್ಲ, ಕುದುರೆ" ಅಂದಿದ್ದಳು. ಮನೆಗೆ ಬಣ್ಣ ಹೊಡೆಸಿದಾಗ ಅಕ್ಕ ಆ ಚೌಕಟ್ಟನ್ನು ಮುಟ್ಟಲು ಬಿಡಲಿಲ್ಲ.

ಒಂದು ಭಾನುವಾರ ಕ್ಲಾಸಿಗೆ ಹೋಗುವಾಗ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಕುದುರೆ ಪಡೆಯ ಸ್ಮಾರಕ ತೋರಿಸಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರಿನ ಸವಾರರು ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಗೆದ್ದ ಕತೆ ಹೇಳಿದೆ. ಎದುರಿಗೆ ಮೆಷಿನ್ ಗನ್ನು, ಇವರು ಕುದುರೆ ಮೇಲೆ ಈಟಿ ಹಿಡಿದು ನುಗ್ಗಿದವರು. "ಕುದುರೆಗಳು ಎಷ್ಟು ಸತ್ತವು?" ಅಂದಳು. ರಾತ್ರಿ ಹುಡುಕಿ ಹೇಳಿದೆ. ಸೈನಿಕರು 8, ಕುದುರೆಗಳು 60. ತನ್ನ ನೋಟ್‌ಬುಕ್ಕಿನಲ್ಲಿ ಆ ಅರವತ್ತು ಕುದುರೆಗಳನ್ನೂ ಬಿಡಿಸಲು ಶುರು ಮಾಡಿದಳು. ಯಾವ ಎರಡು ಕುದುರೆಗಳೂ ಒಂದೇ ತರಹ ಇರಬಾರದು ಅನ್ನುವುದು ಅವಳ ನಿಯಮ.

ಆಸ್ಪತ್ರೆಯದ್ದು ಒಂದೇ ಮಾತು ಹೇಳುತ್ತೇನೆ, ಯಾಕೆಂದರೆ ಅದೂ ಕುದುರೆಯದ್ದೇ. ಔಷಧಿಗೆ ತುಂಬಾ ವಾಂತಿ ಆಗುತ್ತಿತ್ತು. ಒಂದು ದಿನ ಬಾಯಿ ಒರೆಸಿಕೊಂಡು, "ಕುದುರೆಗೆ ವಾಂತಿ ಮಾಡೋಕೇ ಆಗಲ್ಲ ಮಾಮ. ಅದಕ್ಕೇ ಅದಕ್ಕೆ ಹೊಟ್ಟೆನೋವು ಬಂದರೆ ಅಷ್ಟು ಅಪಾಯ. ನನಗೆ ಆಗುತ್ತಲ್ಲ, ಪರವಾಗಿಲ್ಲ" ಅಂದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಅವಳ ನೋಟ್‌ಬುಕ್ ಒಂದೂವರೆ ವರ್ಷ ಬೀರುವಿನಲ್ಲೇ ಇತ್ತು. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಏರಿದರು. ಟಿವಿಯಲ್ಲಿ ಕುದುರೆ ಹೆಸರು ಬಂತು, ಸೀನ್ಯೂರ್ ಮೆಡಿಕಾಟ್. ಎಲ್ಲೋ ಕೇಳಿದ್ದೆ ಅನ್ನಿಸಿತು. 2018ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಫವಾದ್ ಬೆಳ್ಳಿ ಗೆದ್ದದ್ದು ಇದೇ ಕುದುರೆ ಮೇಲೆ. ಆವತ್ತು ಪುಟ್ಟಿ ಸವಾರನ ಹೆಸರಿಗಿಂತ ದೊಡ್ಡದಾಗಿ ಕುದುರೆ ಹೆಸರು ಬರೆದುಕೊಂಡಿದ್ದಳು. ಅಕ್ಕನ ಮನೆಗೆ ಹೋಗಿ ನೋಟ್‌ಬುಕ್ ತೆಗೆಸಿದೆ. ಹೆಸರು ಇತ್ತು. ಅದರ ಹಿಂದಿನ ಪುಟಗಳಲ್ಲಿ ಹೈಫಾದ ಕುದುರೆಗಳು. ಎಣಿಸಿದೆವು. 41.

ಎರಡನೇ ವರ್ಷದ ದಿನ ಊಟ ಆದ ಮೇಲೆ ಆ ನೋಟ್‌ಬುಕ್ ನಡುವೆ ಇಟ್ಟು ಒಬ್ಬೊಬ್ಬರು ಒಂದೊಂದು ಕುದುರೆ ಬಿಡಿಸಿದೆವು. ಅಜ್ಜಿಯೂ ಬಿಡಿಸಿದರು. ಭಾವನ ಕುದುರೆಗೆ ಕಾಲು ಗಿಡ್ಡವಾಯಿತು. "ಪುಟ್ಟಿ ಇದ್ದಿದ್ದರೆ ರಬ್ಬರ್ ತಗೊಂಡು ಬರುತ್ತಿದ್ದಳು" ಅಂದಳು ಅಕ್ಕ. ಅವಳ ಬಾಯಲ್ಲಿ ಎರಡು ವರ್ಷದ ಮೇಲೆ ಆ ಹೆಸರು ಬಂತು. ಆಮೇಲೆ ನೀರಿನ ಕತೆ, ಕಡಲೆಕಾಯಿ ಕತೆ, ಸಂಜೆ ತನಕ ಅವೇ ಕತೆಗಳು. ಅತ್ತೆವು ಕೂಡ. ಆದರೆ ಯಾರೂ ಎದ್ದು ಒಳಗೆ ಹೋಗಲಿಲ್ಲ.

ನಿಮ್ಮ ಹುಡುಗಿಯ ಪುಸ್ತಕ, ಡಬ್ಬಿ, ಬ್ಯಾಗು ಎಲ್ಲಾದರೂ ಇದ್ದರೆ ಆ ದಿನಕ್ಕೆ ಮುಂಚೆ ಒಮ್ಮೆ ತೆಗೆದು ನೋಡಿ. ಅವಳು ಸವಾರಿ ಕಲಿತ ಜಾಗ ಇದ್ದರೆ ಫೋನ್ ಮಾಡಿ, ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಹೋಗಿ. ಅಲ್ಲಿ ಕುದುರೆ ನೋಡಿಕೊಳ್ಳುವವರಿಗೆ ನಿಮಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಗೊತ್ತಿರುತ್ತವೆ. ಕುದುರೆಯ ಹಿಂದೆ ನಿಲ್ಲಬೇಡಿ, ಅದಕ್ಕೆ ಕಾಣಿಸುವುದಿಲ್ಲ. ಭುಜದ ಪಕ್ಕ ನಿಂತು ಮಾತಾಡಿಸಿ.

ಅವಳಿಗೆ ಯಾವ ಬಣ್ಣದ ಕುದುರೆ ಇಷ್ಟ ಇತ್ತು? ಬರೆಯಿರಿ. ನಮ್ಮ ನೋಟ್‌ಬುಕ್ಕಿನಲ್ಲಿ ಇನ್ನೂ ಜಾಗ ಇದೆ.